'ಚೆನ್ನಾಗಿದೆ' ಅಂದರೆ ಸಾಲದು: ತಿಂದದ್ದು, ಓದಿದ್ದು, ಬಳಸಿದ್ದರ ಬಗ್ಗೆ ಅನಿಸಿಕೆ ಬರೆಯುವ ಕ್ರಮ

ಕೆಲವು ವರ್ಷಗಳ ಹಿಂದೆ ಒಂದು ಪುಸ್ತಕದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. 'ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು, ಎಲ್ಲರೂ ಓದಲೇಬೇಕು' ಅನ್ನುವುದು ಅದರ ಸಾರಾಂಶ. ಅದನ್ನು ನಂಬಿ ಗೆಳತಿಯೊಬ್ಬಳು, ಆಸ್ಪತ್ರೆಯಿಂದ ಆಗಷ್ಟೇ ಮನೆಗೆ ಬಂದಿದ್ದ ತನ್ನ ತಂದೆಗೆ ಆ ಪುಸ್ತಕ ತಂದುಕೊಟ್ಟಳು. ಅದರ ಒಂಬತ್ತನೆಯ ಅಧ್ಯಾಯದಲ್ಲಿ, ನಗುವಿನ ನಡುವೆಯೇ, ಆಸ್ಪತ್ರೆಯ ಹಾಸಿಗೆಯ ಮೇಲೆ ಒಂದು ಸಾವು ಬರುತ್ತದೆ. ಬಹಳ ಚೆನ್ನಾಗಿ ಬರೆದ ಅಧ್ಯಾಯ. ಆದರೆ ಆ ವಾರ ಆ ಹಿರಿಯರ ಕೈಗೆ ಅದು ಸಿಗಬಾರದಿತ್ತು. ಅಲ್ಲಿಗೆ ಪುಸ್ತಕ ಮುಚ್ಚಿಟ್ಟವರು ಮತ್ತೆ ತೆರೆಯಲಿಲ್ಲ. ಗೆಳತಿ ನನ್ನನ್ನು ಬೈಯಲಿಲ್ಲ. 'ಒಂದು ಮಾತು ಬರೆಯಬಹುದಿತ್ತಲ್ಲಾ' ಅಂದಳು, ಅಷ್ಟೆ.

ನಾನು ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಯಾವ ಮನಃಸ್ಥಿತಿಯಲ್ಲಿ ಓದಿದೆ, ಪುಸ್ತಕ ಯಾರಿಗೆ ಹಿಡಿಸೀತು, ಯಾರಿಗೆ ಭಾರವಾದೀತು, ಯಾವುದನ್ನೂ ಹೇಳಿರಲಿಲ್ಲ. ಅಂದಿನಿಂದ ಈ ಬರವಣಿಗೆಯನ್ನು ನಾನು ಬೇರೆ ರೀತಿ ನೋಡುತ್ತೇನೆ. ಒಂದು ವಸ್ತುವೂ ನಾನೂ ಒಂದು ದಿನ ಎದುರುಬದುರಾದಾಗ ಏನಾಯಿತು ಅನ್ನುವುದರ ವರದಿ ಅದು. ಸಂದರ್ಭವನ್ನೂ ಸೇರಿಸಿ ಹೇಳಿದರೆ, ತಮಗೆ ಅದು ಆದೀತೇ ಇಲ್ಲವೇ ಅಂತ ಓದುವವರೇ ಲೆಕ್ಕ ಹಾಕಿಕೊಳ್ಳುತ್ತಾರೆ. ಅದಕ್ಕಾಗಿ ನಾನು ರೂಢಿಸಿಕೊಂಡ ಕ್ರಮ ಇದು.

ಮೊದಲು ಒಂದು ಪುಟ್ಟ ಪುಸ್ತಕ ಇಟ್ಟುಕೊಳ್ಳಿ

ಜೇಬಿನಲ್ಲಿ ಹಿಡಿಸುವ ನೋಟ್‌ಬುಕ್ ಆಗಲಿ, ಮೊಬೈಲ್‌ನಲ್ಲಿನ ಟಿಪ್ಪಣಿಯಾಗಲಿ, ಅಂದಂದಿನದನ್ನು ಅಂದೇ ಬರೆದಿಡಿ. ಆಮೇಲೆ ನೆನಪಿಸಿಕೊಂಡು ಬರೆಯುತ್ತೇನೆ ಅನ್ನುವ ಧೈರ್ಯ ಬೇಡ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನೋವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುತ್ತದೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಅತಿ ವೇಗವಾಗಿ ಕೆಲಸ ಮಾಡುವುದು ಮೊದಲ ಕೆಲವು ಗಂಟೆಗಳಲ್ಲಿ ಅಂತ ಅವನಿಗೆ ಕಂಡಿತು.

ಉಳಿದ ನೆನಪೂ ಇದ್ದ ಹಾಗೇ ಇರುವುದಿಲ್ಲ. ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನ ಕೈಯನ್ನು ಕೊರೆಯುವ ನೀರಿನಲ್ಲಿ ಒಮ್ಮೆ 60 ಸೆಕೆಂಡು ಇಟ್ಟರು. ಇನ್ನೊಮ್ಮೆ ಅದೇ 60 ಸೆಕೆಂಡಿನ ಮೇಲೆ ಮತ್ತೆ 30 ಸೆಕೆಂಡು, ಒಂದಿಷ್ಟೇ ಚಳಿ ಕಡಿಮೆಯಾದ ನೀರಿನಲ್ಲಿ ಇಟ್ಟರು. ಯಾವುದನ್ನು ಇನ್ನೊಮ್ಮೆ ಮಾಡುತ್ತೀರಿ ಅಂತ ಕೇಳಿದಾಗ ಹೆಚ್ಚಿನವರು ಆರಿಸಿಕೊಂಡದ್ದು ಉದ್ದದ್ದನ್ನೇ. ಕೊನೆ ತುಸು ಹಿತವಾಗಿತ್ತು ಅನ್ನುವುದೇ ಕಾರಣ. ಊಟದ ಕೊನೆಯ ಸಿಹಿ ಚೆನ್ನಾಗಿದ್ದರೆ ನಡುವಿನ ಸಪ್ಪೆ ಪದಾರ್ಥ ಮರೆತುಹೋಗುವುದೂ, ಕಾದಂಬರಿಯ ಕೊನೆ ಕೆಟ್ಟರೆ ಮುನ್ನೂರು ಪುಟದ ಸುಖ ಮಸುಕಾಗುವುದೂ ಹೀಗೆಯೇ. ಹಾಗಾಗಿ ನಾನು ನಡುವೆಯೂ ಒಂದೆರಡು ಪದ ಗೀಚಿಕೊಳ್ಳುತ್ತೇನೆ.

ಬರೆದಿಡಬೇಕಾದ್ದು ಹೆಚ್ಚೇನಿಲ್ಲ. ತಾರೀಖು, ವಸ್ತುವಿನ ಪೂರ್ತಿ ಹೆಸರು, ಅದು ನನ್ನ ಕೈಗೆ ಬಂದ ಬಗೆ (ಕೊಂಡದ್ದೋ, ಉಡುಗೊರೆಯೋ, ಎರವಲೋ), ಆಗ ನಾನಿದ್ದ ಸ್ಥಿತಿ. ಈ ಕೊನೆಯದನ್ನು ಬಿಡಲೇಬೇಡಿ. ಹಸಿದ ಹೊಟ್ಟೆಗೆ ಒಣ ಬ್ರೆಡ್ಡೂ ಅಮೃತ. ನೆಗಡಿಯಾದವನ ನಾಲಿಗೆಗೆ ಎಲ್ಲವೂ ಸಪ್ಪೆ. ನನ್ನ ಹಳೆಯ ಟಿಪ್ಪಣಿಯೊಂದರಲ್ಲಿ 'ನಿದ್ದೆಗೆಟ್ಟಿದ್ದೆ, ತಲೆನೋವು, ಕಾಫಿ ಬರೀ ಕಹಿ' ಅಂತಿದೆ. ಆ ಕಾಫಿಪುಡಿಯ ಬಗ್ಗೆ ನಾನು ಅಂದೇ ಬರೆದಿದ್ದರೆ ಅನ್ಯಾಯವಾಗುತ್ತಿತ್ತು.

ಎಷ್ಟು ದಿನ ಕಾಯಬೇಕು

ಅನ್ನ ಬೆಂದಿದೆಯೇ ಅಂತ ನೋಡಲು ಒಂದು ಅಗುಳು ಹಿಚುಕಿದರೆ ಸಾಕು. ಉಳಿದ ವಿಷಯಗಳಲ್ಲಿ ಈ ಗಾದೆ ಕೈಕೊಡುತ್ತದೆ. ತಿಂಡಿ ಪೊಟ್ಟಣವಾದರೆ ನಾನು ಎರಡು ಬೇರೆ ಬೇರೆ ದಿನ ತಿಂದು ನೋಡುತ್ತೇನೆ. ಪೊಟ್ಟಣ ಒಡೆದ ದಿನ ಒಮ್ಮೆ, ಮೂರ್ನಾಲ್ಕು ದಿನ ಡಬ್ಬಿಯಲ್ಲಿಟ್ಟ ಮೇಲೆ ಇನ್ನೊಮ್ಮೆ. ಪುಸ್ತಕ ಮುಗಿಸಿ ಎರಡು ರಾತ್ರಿ ಬಿಡುತ್ತೇನೆ. ಪೆನ್ನು, ಚಾಕು, ಕೊಡೆ, ಚಪ್ಪಲಿಯಂಥವಕ್ಕೆ ಒಂದು ತಿಂಗಳು. ಕೊಡೆಗೆ ತಿಂಗಳೂ ಸಾಲದು, ಗಾಳಿಮಳೆ ಬರಬೇಕು.

ತಿಂದದ್ದರ ಬಗ್ಗೆ ಬರೆಯುವಾಗ

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಜನ ಅತಿ ಹೆಚ್ಚು ಬರೆಯುವುದೂ, ಅತಿ ಕಡಿಮೆ ಹೇಳುವುದೂ ರುಚಿಯ ಬಗ್ಗೆಯೇ.

ನಾವು ರುಚಿ ಅನ್ನುವುದರ ದೊಡ್ಡ ಪಾಲು ಮೂಗಿನ ಕೆಲಸ. ಹಣ್ಣಿನ ಸ್ವಾದದ ಪೆಪ್ಪರಮಿಂಟು ಒಂದನ್ನು ತೆಗೆದುಕೊಂಡು, ಮೂಗನ್ನು ಬಿಗಿಯಾಗಿ ಹಿಡಿದು ಬಾಯಿಗೆ ಹಾಕಿಕೊಳ್ಳಿ. ಸಿಹಿ, ಹುಳಿ ಎರಡು ಬಿಟ್ಟರೆ ಏನೂ ತಿಳಿಯುವುದಿಲ್ಲ. ಯಾವ ಹಣ್ಣು ಅಂತ ಹೇಳಲಾಗುವುದಿಲ್ಲ. ಈಗ ಮೂಗು ಬಿಡಿ. ಗಂಟಲ ಹಿಂದಿನಿಂದ ಘಮ ಮೇಲೇರಿ, ಹಣ್ಣು ಯಾವುದೆಂದು ತಟ್ಟನೆ ಗೊತ್ತಾಗುತ್ತದೆ. ಇದನ್ನು ಒಮ್ಮೆ ಮಾಡಿ ನೋಡಿದವರು ಆಮೇಲೆ ತಿನ್ನುವ ಮೊದಲು ಮೂಸುವುದನ್ನು ಮರೆಯುವುದಿಲ್ಲ.

ನಾಲಿಗೆಯ ಪಾಲಿಗೆ ಬರುವುದು ಸಿಹಿ, ಹುಳಿ, ಉಪ್ಪು, ಕಹಿ, ಮತ್ತೆ ಉಮಾಮಿ. ಈ ಐದನೆಯದನ್ನು ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನೇ ಇಕೆಡಾ 1908ರಲ್ಲಿ ಗುರುತಿಸಿ ಹೆಸರಿಟ್ಟ. ಮಾಗಿದ ಟೊಮೆಟೊ, ಅಣಬೆ, ಹಳೆಯ ಚೀಸ್ ಇವುಗಳಲ್ಲಿ ಬಾಯಿತುಂಬ ನಿಲ್ಲುವ ಆ ಗಾಢತೆ ಅದು. ಖಾರ ಈ ಪಟ್ಟಿಯಲ್ಲಿಲ್ಲ. ಅದು ಉರಿಯನ್ನು ತಿಳಿಸುವ ನರಗಳ ಮೂಲಕ ಬರುವ ಅನುಭವ. ಒಬ್ಬೊಬ್ಬರಿಗೆ ಅದರ ಅಳತೆ ಒಂದೊಂದು. ಆದ್ದರಿಂದ 'ಖಾರ ಜಾಸ್ತಿ' ಅಂತ ಬರೆಯದೆ 'ಎರಡನೆಯ ತುತ್ತಿಗೆ ನೀರು ಬೇಕಾಯಿತು, ಉರಿ ಹತ್ತು ನಿಮಿಷ ಇತ್ತು' ಅಂತ ಬರೆಯಿರಿ.

ತಿನ್ನುವ ಹೊತ್ತಿನಲ್ಲಿ ಎರಡು ಎಚ್ಚರ ಬೇಕು. ಹಲ್ಲುಜ್ಜಿದ ಕೂಡಲೇ ಏನನ್ನೂ ಪರೀಕ್ಷಿಸಬೇಡಿ. ಟೂತ್‌ಪೇಸ್ಟಿನಲ್ಲಿ ನೊರೆ ತರಿಸುವ ಪದಾರ್ಥ ಸಿಹಿಯನ್ನು ಅಡಗಿಸಿ ಕಹಿಯನ್ನು ಎತ್ತಿ ತೋರಿಸುತ್ತದೆ. ಕಿತ್ತಳೆ ರಸ ಕುಡಿದವರಿಗೆ ಇದು ಗೊತ್ತು. ಎರಡನೆಯದು ಬಿಸಿ, ತಣ್ಣನೆಯ ಲೆಕ್ಕ. ತೀರ ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಮಂದವಾಗಿ ತಿಳಿಯುತ್ತದೆ. ಕರಗಿಹೋದ ಐಸ್‌ಕ್ರೀಮ್ ಕಣ್ಣು ಮುಚ್ಚುವಷ್ಟು ಸಿಹಿಯಾಗುವುದು ಅದಕ್ಕೇ. ಹಾಗಾಗಿ ಎಷ್ಟು ಬಿಸಿಯಲ್ಲಿ, ಎಷ್ಟು ತಣ್ಣಗೆ ತಿಂದಿರಿ ಅಂತ ಒಂದು ಮಾತು ಸೇರಿಸಿ.

ಇನ್ನು ಪದಗಳು. 'ರುಚಿಯಾಗಿದೆ', 'ಸೂಪರ್', 'ಬೊಂಬಾಟ್' ಇವನ್ನು ಬರೆಯಲು ಕೈ ಹೋದಾಗಲೆಲ್ಲ ತಡೆಯಿರಿ. ನಮ್ಮ ಭಾಷೆಯಲ್ಲಿ ಪದಗಳಿಗೆ ಬರವಿಲ್ಲ. ಬಿಸ್ಕತ್ತು ಗರಿಗರಿಯೋ, ಮೆತ್ತಗಾಗಿದೆಯೋ, ಪುಡಿಪುಡಿಯಾಗಿ ಉದುರುತ್ತದೋ? ಎಣ್ಣೆ ಕಮಟು ಹೊಡೆಯುತ್ತದೋ? ಹಿಟ್ಟು ಮುಗ್ಗಲೋ? ಚಹಾದಲ್ಲಿ ಒಗರು ನಾಲಿಗೆಯ ಅಂಚಿನಲ್ಲಿ ನಿಲ್ಲುತ್ತದೋ? ಬಾಯಿಗೆ ಜಿಡ್ಡು ಮೆತ್ತುತ್ತದೋ? ತಳ ಹಿಡಿದ ವಾಸನೆ ಇದೆಯೋ? ಇಂಥ ಒಂದೇ ಪದ ಒಂದು ಸಾಲು ಹೊಗಳಿಕೆಗಿಂತ ಹೆಚ್ಚು ಹೇಳುತ್ತದೆ. ನಾನು ಒಂದು ಜೇನಿನ ಬಗ್ಗೆ ಮೊದಲು ಬರೆದದ್ದು: 'ತುಂಬ ಒಳ್ಳೆಯ ಜೇನು, ಶುದ್ಧವಾಗಿದೆ.' ಓದಿ ನೋಡಿದೆ. ಶುದ್ಧ ಅಂತ ನನಗೆ ಹೇಗೆ ಗೊತ್ತು? ಪ್ರಯೋಗಾಲಯದಲ್ಲಿ ಪರೀಕ್ಷಿಸಿದವನಲ್ಲ. ಹೊಡೆದುಹಾಕಿ ಮತ್ತೆ ಬರೆದೆ: 'ಚಮಚದಿಂದ ನಿಧಾನಕ್ಕೆ ಎಳೆಯಾಗಿ ಇಳಿಯುತ್ತದೆ. ಮೊದಲು ಸಿಹಿ, ನುಂಗಿದ ಮೇಲೆ ತುಸು ಒಗರು. ಮೂರನೆಯ ವಾರಕ್ಕೆ ಬಾಟಲಿಯ ತಳದಲ್ಲಿ ಹರಳುಗಟ್ಟಿತು, ಬಿಸಿನೀರಿನಲ್ಲಿಟ್ಟಾಗ ಕರಗಿತು.' ಹರಳುಗಟ್ಟುವುದು ಜೇನಿನ ಸಹಜ ಗುಣ, ಕಲಬೆರಕೆಯ ಲಕ್ಷಣವಲ್ಲ ಅಂತಲೂ ಒಂದು ಸಾಲು ಸೇರಿಸಿದೆ. ಅದನ್ನು ನೋಡಿ ಗಾಬರಿಯಾಗಿ ಬಾಟಲಿ ಎಸೆಯುವವರಿದ್ದಾರೆ.

ಪೊಟ್ಟಣದ ಹಿಂಬದಿಯನ್ನೂ ಓದಿ. ಬಹಳಷ್ಟು ದೇಶಗಳಲ್ಲಿ ಒಳಗಿನ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಪಟ್ಟಿ ಮಾಡಬೇಕೆಂಬ ನಿಯಮವಿದೆ. 'ಬಾದಾಮಿ ಬಿಸ್ಕತ್ತು' ಅಂತ ಮುಂದೆ ಹೆಸರಿದ್ದು, ಹಿಂದಿನ ಪಟ್ಟಿಯಲ್ಲಿ ಬಾದಾಮಿ ಏಳನೆಯದಾಗಿ, ಸಕ್ಕರೆ ಎರಡನೆಯದಾಗಿ ಇದ್ದರೆ, ಅದನ್ನು ಹಾಗೇ ಬರೆದುಬಿಡಿ. ಕಡಲೆಕಾಯಿ, ಹಾಲು, ಗೋಧಿ ಮೈಗಾಗದವರು ಇರುತ್ತಾರೆ, ಅವರಿಗೂ ಈ ಸಾಲು ಬೇಕು. ಆರೋಗ್ಯಕ್ಕೆ ಒಳ್ಳೆಯದು, ಆ ಕಾಯಿಲೆ ವಾಸಿಯಾಗುತ್ತದೆ ಅನ್ನುವ ಮಾತನ್ನು ಮಾತ್ರ ಅನಿಸಿಕೆಯೊಳಗೆ ತರಲೇಬೇಡಿ. ಯಾರೋ ಮಾತ್ರೆ ಬಿಟ್ಟು ನಿಮ್ಮ ಮಾತು ಹಿಡಿದಾರು.

ಪುಸ್ತಕವಾದರೆ

ಯಾವ ಮುದ್ರಣ, ಯಾರ ಅನುವಾದ ಅಂತ ಮೊದಲೇ ಹೇಳಿ. ಪುಸ್ತಕದ ಬೆನ್ನಮೇಲಿನ ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ) ಸಂಖ್ಯೆ 2007ರಿಂದ 13 ಅಂಕಿಯದು. ಗಟ್ಟಿ ರಟ್ಟಿನದಕ್ಕೂ ತೆಳು ರಟ್ಟಿನದಕ್ಕೂ, ಒಂದು ಅನುವಾದಕ್ಕೂ ಇನ್ನೊಂದಕ್ಕೂ ಬೇರೆ ಬೇರೆ. ನಿಮಗೆ ಬೇಸರ ತರಿಸಿದ್ದು ಮೂಲ ಕೃತಿಯೋ, ಆ ಅನುವಾದವೋ ಅನ್ನುವುದು ಓದುಗರಿಗೆ ತಿಳಿಯಬೇಕು. ಅನುವಾದಕರ ಹೆಸರು ಬಿಟ್ಟು ಬರೆಯುವ ಅಭ್ಯಾಸ ನನಗೆ ನೋವು ತರುತ್ತದೆ. ಪುಸ್ತಕದ ಒಂದೊಂದು ವಾಕ್ಯವನ್ನೂ ಕಟ್ಟಿದವರು ಅವರು.

ಕಥೆ ಎಷ್ಟು ಹೇಳಬೇಕು? ಮೊದಲ ಕಾಲು ಭಾಗದಾಚೆಗೆ ನಡೆಯುವುದನ್ನು ನಾನು ಹೇಳುವುದಿಲ್ಲ. ಆದರೆ ನಡೆಯುವುದು ಬೇರೆ, ಇರುವುದು ಬೇರೆ. ಮಗುವಿನ ಸಾವು, ಹಿಂಸೆ, ಆತ್ಮಹತ್ಯೆ ಪುಸ್ತಕದಲ್ಲಿದ್ದರೆ 'ಇದೆ' ಅಂತ ಹೇಳುತ್ತೇನೆ. ಯಾರದು, ಯಾವಾಗ ಅಂತ ಹೇಳುವುದಿಲ್ಲ. ಮೊದಲು ಹೇಳಿದ ಘಟನೆ ನನಗೆ ಕಲಿಸಿದ್ದು ಇದನ್ನೇ.

ಮಾಹಿತಿಯ ಪುಸ್ತಕವಾದರೆ ಒಂದು ಒಳ್ಳೆಯ ದಾರಿ ಇದೆ. ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದ ಒಂದು ಅಧ್ಯಾಯವನ್ನು ಮೊದಲು ಓದಿ. ಹೊಲಿಗೆ ಬಲ್ಲವರು ಹೊಲಿಗೆಯ ಪುಟ ತೆರೆಯಲಿ, ಲೆಕ್ಕಪತ್ರ ಬಲ್ಲವರು ಆ ಪುಟ ತೆರೆಯಲಿ. ಅಲ್ಲಿ ಎರಡು ತಪ್ಪು ಸಿಕ್ಕಿದರೆ, ನಿಮಗೆ ಗೊತ್ತಿಲ್ಲದ ಅಧ್ಯಾಯಗಳನ್ನು ಎಷ್ಟು ನಂಬಬಹುದು ಅಂತ ಒಂದು ಅಂದಾಜು ಸಿಗುತ್ತದೆ. ತಪ್ಪು ಇಂಥ ಪುಟದಲ್ಲಿದೆ ಅಂತ ಸಂಖ್ಯೆ ಸಮೇತ ಬರೆಯಿರಿ.

ಪೂರ್ತಿ ಓದಲಾಗದ ಪುಸ್ತಕದ ಬಗ್ಗೆಯೂ ಬರೆಯಬಹುದು. '340 ಪುಟದಲ್ಲಿ 120ರವರೆಗೆ ಓದಿದೆ, ಮುಂದೆ ಹೋಗಲಾಗಲಿಲ್ಲ, ಕಾರಣ ಹೀಗೆ' ಅಂದರೆ ಅದು ಪ್ರಾಮಾಣಿಕ ವರದಿ. 120 ಓದಿ 340ರ ಬಗ್ಗೆ ಮಾತಾಡುವುದು ಮೋಸ. ಅಕ್ಷರ ಸಣ್ಣದೇ, ಹೊಲಿಗೆ ಗಟ್ಟಿಯೇ, ಪುಸ್ತಕ ತೆರೆದಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆಯೇ ಅನ್ನುವುದನ್ನೂ ಬಿಡಬೇಡಿ. ವಯಸ್ಸಾದ ಕಣ್ಣುಗಳಿಗೆ ಅದೇ ಮುಖ್ಯವಾಗಬಹುದು.

ಜಾಲತಾಣ

ಜಾಲತಾಣವನ್ನು ಸುಮ್ಮನೆ ನೋಡಿ ಬರೆಯಬೇಡಿ, ಒಂದು ನಿಜವಾದ ಕೆಲಸ ಹಿಡಿದುಕೊಂಡು ಹೋಗಿ. ಒಂದು ಪದದ ಅರ್ಥ ಹುಡುಕಬೇಕು, ಒಂದು ಅರ್ಜಿ ಇಳಿಸಿಕೊಳ್ಳಬೇಕು, ಒಂದು ಪಾಠ ಮುಗಿಸಬೇಕು, ಏನಾದರೂ ಸರಿ. ಎಷ್ಟು ಕ್ಲಿಕ್ ಬೇಕಾಯಿತು, ಎಲ್ಲಿ ತಡವರಿಸಿದಿರಿ, ನಡುವೆ ಎಷ್ಟು ಜಾಹೀರಾತು ದೂಡಬೇಕಾಯಿತು ಅಂತ ಎಣಿಸಿ. ಕಂಪ್ಯೂಟರಿನಲ್ಲಿ ಮಾಡಿದ ಕೆಲಸವನ್ನೇ ಮೊಬೈಲಿನಲ್ಲಿ, ಸಿಗ್ನಲ್ ದುರ್ಬಲವಾಗಿರುವ ಜಾಗದಲ್ಲಿ ಇನ್ನೊಮ್ಮೆ ಮಾಡಿ.

ಆಮೇಲೆ ಎರಡು ನಿಮಿಷದ ಒಂದು ಪರೀಕ್ಷೆ. ಮೌಸ್ ಬದಿಗಿಟ್ಟು, ಟ್ಯಾಬ್ ಕೀಲಿಯೊಂದರಿಂದಲೇ ಪುಟದಲ್ಲಿ ಓಡಾಡಿ ನೋಡಿ. ಈಗ ಯಾವ ಕೊಂಡಿಯ ಮೇಲಿದ್ದೀರಿ ಅಂತ ಕಾಣಿಸದಿದ್ದರೆ, ಕೈ ನಡುಗಿ ಮೌಸ್ ಹಿಡಿಯಲಾಗದವರಿಗೆ ಆ ತಾಣ ಕಷ್ಟ. ಅಕ್ಷರವನ್ನು 200 ಶೇಕಡಾಕ್ಕೆ ಹಿಗ್ಗಿಸಿ. ಸಾಲುಗಳು ಒಂದರ ಮೇಲೊಂದು ಬೀಳಬಾರದು. ಎಲ್ಲರಿಗೂ ಎಟುಕುವ ತಾಣಗಳಿಗಾಗಿ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಇದೂ ಒಂದು ಅಳತೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಇರಬೇಕಾದ ಕನಿಷ್ಠ ಬಣ್ಣದ ಅಂತರ 4.5ಕ್ಕೆ 1 ಅಂತಲೂ ಅದರಲ್ಲಿದೆ. ತಿಳಿಬೂದು ಅಕ್ಷರವನ್ನು ಬಿಳಿಯ ಮೇಲೆ ಬರೆದ ತಾಣಗಳು ಈ ಅಳತೆಯಲ್ಲೇ ಸೋಲುತ್ತವೆ.

ವಿಳಾಸದ ಪಕ್ಕದ ಬೀಗದ ಚಿತ್ರ ನೋಡಿ 'ನಂಬಬಹುದು' ಅಂತ ಬರೆಯಬೇಡಿ. ನಿಮಗೂ ಆ ತಾಣಕ್ಕೂ ನಡುವಿನ ಮಾತನ್ನು ಬೇರೆಯವರು ಕದ್ದು ಓದಲಾರರು ಅನ್ನುವಷ್ಟೇ ಅದರ ಅರ್ಥ. ಆ ಕಡೆ ಇರುವವರು ಒಳ್ಳೆಯವರೇ ಅಂತ ಅದು ಹೇಳುವುದಿಲ್ಲ. ತಾಣ ನಡೆಸುವವರು ಯಾರು, ಪುಟಗಳ ಮೇಲೆ ತಾರೀಖು ಇದೆಯೇ, ಖಾತೆ ತೆರೆದರೆ ಮುಚ್ಚುವುದು ಹೇಗೆ, ಇವನ್ನು ಹುಡುಕಿ. ಒಳಗೆ ಬರಲು ಒಂದೇ ಗುಂಡಿ ಇಟ್ಟು, ಹೊರಗೆ ಹೋಗಲು ಏಳು ಪುಟ ಅಲೆಸುವ ತಾಣಗಳಿವೆ. ಬಾಗಿಲು ಎಲ್ಲಿದೆ ಅಂತ ನೀವು ಬರೆದುಕೊಟ್ಟರೆ ಎಷ್ಟೋ ಜನಕ್ಕೆ ಉಪಕಾರ.

ತಾಣಗಳು ಬದಲಾಗುತ್ತಲೇ ಇರುತ್ತವೆ. ನೋಡಿದ ದಿನಾಂಕ ಹಾಕಿ. ಇಂಟರ್ನೆಟ್ ಆರ್ಕೈವ್ ಸಂಸ್ಥೆ 1996ರಿಂದ ಜಾಲಪುಟಗಳ ಪ್ರತಿ ತೆಗೆದಿಡುತ್ತಿದೆ, ಆ ಪ್ರತಿಗಳನ್ನು ತೋರಿಸುವ ಅದರ ವೇಬ್ಯಾಕ್ ಮೆಷಿನ್ ತಾಣ 2001ರಿಂದ ಎಲ್ಲರಿಗೂ ತೆರೆದಿದೆ. ನೀವು ಬರೆಯುವ ದಿನವೇ ಆ ಪುಟವನ್ನು ಅಲ್ಲಿ ಉಳಿಸಿಟ್ಟರೆ, ನಾಳೆ ಪುಟ ಬದಲಾದರೂ ನಿಮ್ಮ ಮಾತಿಗೆ ಆಧಾರ ಇರುತ್ತದೆ.

ಬಳಸುವ ವಸ್ತು: ಒಂದು ಫ್ಲಾಸ್ಕಿನ ಕಥೆ

'12 ಗಂಟೆ ಬಿಸಿ' ಅಂತ ಡಬ್ಬಿಯ ಮೇಲೆ ಬರೆದಿದ್ದ ಅರ್ಧ ಲೀಟರಿನ ಫ್ಲಾಸ್ಕೊಂದನ್ನು ಕೊಂಡಿದ್ದೆ. ಬಿಸಿ ಅಂದರೆ ಎಷ್ಟು? ಅಡುಗೆಮನೆಯ ಥರ್ಮಾಮೀಟರ್ ಇತ್ತು. ಬೆಳಿಗ್ಗೆ 7ಕ್ಕೆ ಕುದಿಯುವ ನೀರು ತುಂಬಿದೆ. ಮಧ್ಯಾಹ್ನ 12ಕ್ಕೆ 73 ಡಿಗ್ರಿ. ಮರುದಿನ ಮೊದಲು ಬಿಸಿನೀರು ಸುರಿದು ಐದು ನಿಮಿಷ ಬಿಟ್ಟು, ಅದನ್ನು ಚೆಲ್ಲಿ, ಮತ್ತೆ ಕುದಿಯುವ ನೀರು ತುಂಬಿದೆ. ಅದೇ ಹೊತ್ತಿಗೆ 78 ಡಿಗ್ರಿ. ಸಂಜೆ 7ಕ್ಕೆ 64, ಗುಟುಕರಿಸಿದರೆ ಹಿತವಾದ ಬಿಸಿ. ಬ್ಯಾಗಿನಲ್ಲಿ ಅಡ್ಡ ಮಲಗಿಸಿದಾಗ ಒಂದು ಹನಿಯೂ ಸೋರಲಿಲ್ಲ. ಆದರೆ ಮುಚ್ಚಳದ ಒಳಗಿನ ರಬ್ಬರು ಉಂಗುರದ ಸಂದಿನಲ್ಲಿ ಚಹಾ ನಿಂತು ಮೂರನೆಯ ದಿನ ವಾಸನೆ ಬಂತು. ಉಂಗುರವನ್ನು ಬಿಡಿಸಿ ತೊಳೆದ ಮೇಲೆ ಸರಿಹೋಯಿತು.

ಇಷ್ಟೇ ಬರೆದೆ. ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಓದಿದ ಒಬ್ಬರು, ತಮ್ಮ ತಾಯಿಗೆ ಬೆರಳು ಸೆಟೆದುಕೊಳ್ಳುತ್ತದೆ, ಆ ಉಂಗುರ ಬಿಡಿಸಲಾರರು ಅಂತ ಬೇರೆಯದನ್ನು ಕೊಂಡರು. ನನ್ನ ಬರಹ ಕೆಲಸ ಮಾಡಿತು ಅಂತ ಅನ್ನಿಸಿದ್ದು ಆಗ.

ಬರೆಯಲು ಕೂತಾಗ

ಮೊದಲ ಸಾಲಿನಲ್ಲೇ ವಸ್ತು ಯಾವುದು, ಯಾರಿಗೆ ಆದೀತು ಅಂತ ಹೇಳಿ. ಆಮೇಲೆ ನೀವು ನೋಡಿದ್ದು, ನಂತರ ಅನ್ನಿಸಿದ್ದು. ಈ ಎರಡನ್ನು ಕಲಸಬೇಡಿ. 'ಕಾಗದ ತೆಳು, ಹಿಂದಿನ ಪುಟದ ಅಕ್ಷರ ಕಾಣುತ್ತದೆ' ನೋಡಿದ್ದು. 'ಓದಲು ಕಿರಿಕಿರಿಯಾಯಿತು' ಅನ್ನಿಸಿದ್ದು. ಹೋಲಿಕೆ ಸಾಧ್ಯವಿದ್ದರೆ ಮಾಡಿ, ಆದರೆ ನೀವೇ ಬಳಸಿದ ಇನ್ನೊಂದರ ಜೊತೆಗೆ ಮಾತ್ರ. ಚಿತ್ರ ಹಾಕುವುದಾದರೆ ಕಿಟಕಿಯ ಪಕ್ಕದ ಹಗಲ ಬೆಳಕಿನಲ್ಲಿ, ಗಾತ್ರ ತಿಳಿಯುವಂತೆ ಪಕ್ಕದಲ್ಲೊಂದು ಪೆನ್ನೋ ಚಮಚವೋ ಇಟ್ಟು ತೆಗೆಯಿರಿ.

ನಕ್ಷತ್ರ ಕೊಡುವ ಪದ್ಧತಿಯ ಬಗ್ಗೆ ಒಂದು ಮಾತು. 1820ರಲ್ಲಿ ಮರಿಯಾನಾ ಸ್ಟಾರ್ಕ್ ಎಂಬ ಇಂಗ್ಲಿಷ್ ಮಹಿಳೆ ಯೂರೋಪ್ ಸುತ್ತುವ ಪ್ರವಾಸಿಗರಿಗಾಗಿ ಬರೆದ ಕೈಪಿಡಿಯಲ್ಲಿ, ನೋಡಲೇಬೇಕಾದ ಕಲಾಕೃತಿಗಳ ಮುಂದೆ ಆಶ್ಚರ್ಯಸೂಚಕ ಚಿಹ್ನೆಗಳನ್ನು ಹಾಕಿದಳು. ಹೆಚ್ಚು ಮೆಚ್ಚಿದ್ದಕ್ಕೆ ಹೆಚ್ಚು ಚಿಹ್ನೆ. ಅವಸರದಲ್ಲಿರುವ ಪ್ರಯಾಣಿಕನಿಗೆ ಅದು ಅನುಕೂಲ, ನಿಜ. ಆದರೆ ಮೂರು ನಕ್ಷತ್ರ ಅಂದರೆ ಒಬ್ಬರಿಗೆ 'ಪರವಾಗಿಲ್ಲ', ಇನ್ನೊಬ್ಬರಿಗೆ 'ಕಳಪೆ'. ನಕ್ಷತ್ರ ಹಾಕಲೇಬೇಕಾದ ಕಡೆ ನಾನು ಎಲ್ಲ ಬರೆದು ಮುಗಿಸಿದ ಮೇಲೆ ಹಾಕುತ್ತೇನೆ. ಮೊದಲೇ ಹಾಕಿದರೆ ಆ ಅಂಕಿಯನ್ನು ಸಮರ್ಥಿಸಲು ಕೈ ಬರೆಯತೊಡಗುತ್ತದೆ.

ವಸ್ತು ಪುಕ್ಕಟೆ ಬಂದದ್ದಾದರೆ, ಪುಸ್ತಕ ಬರೆದವರು ಸ್ನೇಹಿತರಾದರೆ, ನೀವು ಕೊಟ್ಟ ಕೊಂಡಿಯಿಂದ ಯಾರಾದರೂ ಕೊಂಡಾಗ ನಿಮಗೆ ಹಣ ಬರುವುದಾದರೆ, ಆ ಮಾತು ಮೇಲ್ಗಡೆಯೇ ಇರಲಿ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಲ್ಲ. ಗ್ರಾಹಕರ ಅನಿಸಿಕೆಗಳನ್ನು ಸಂಗ್ರಹಿಸಿ ಪ್ರಕಟಿಸುವವರು ಹೇಗೆ ನಡೆದುಕೊಳ್ಳಬೇಕು ಅಂತ ಐಎಸ್‌ಒ 20488 ಎಂಬ ಅಂತರರಾಷ್ಟ್ರೀಯ ಮಾನದಂಡವೇ 2018ರಲ್ಲಿ ಬಂತು. ಒಂಟಿಯಾಗಿ ಬರೆಯುವ ನಮಗೆ ಆತ್ಮಸಾಕ್ಷಿಯೊಂದೇ ಕಾವಲು.

ಕೆಟ್ಟದ್ದನ್ನು ಬರೆಯುವಾಗ ಇನ್ನೂ ಹುಷಾರು ಬೇಕು. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಬರುವುದು ಇದ್ದದ್ದೇ. ಕಂಡದ್ದರ ಆಚೆಗೆ ಮಾತ್ರ ಹೋಗಬೇಡಿ. 'ಹಳಸಿದ್ದನ್ನು ಬೇಕೆಂದೇ ಬಡಿಸುತ್ತಾರೆ' ಅನ್ನುವುದು ನಿಮಗೆ ಗೊತ್ತಿಲ್ಲದ ಸಂಗತಿ. 'ಅಂದು ಬಂದ ಸೂಪಿನಲ್ಲಿ ಹುಳಿ ವಾಸನೆ ಇತ್ತು, ಹೇಳಿದ ಮೇಲೆ ಬದಲಿಸಿಕೊಟ್ಟರು' ಅನ್ನುವುದು ನಡೆದದ್ದು. ಎರಡನೆಯ ಭಾಗವನ್ನು ನುಂಗಿಕೊಂಡು ಮೊದಲನೆಯದನ್ನಷ್ಟೇ ಬರೆಯುವುದು ಸರಿಯಲ್ಲ. ಬಡಿಸಿದ ಹುಡುಗನ ಹೆಸರು, ಮುಖಚಿತ್ರ ಬೇಡವೇ ಬೇಡ. ಅಡುಗೆ ಕೆಟ್ಟದ್ದಕ್ಕೆ ಅವನ ಕೆಲಸ ಹೋಗಬಾರದು.

ಮತ್ತೆ ತೆರೆದು ನೋಡಿ

ಆರು ತಿಂಗಳಿಗೊಮ್ಮೆ ಹಳೆಯ ಬರಹಗಳನ್ನು ತೆಗೆದು ಓದುತ್ತೇನೆ. ಚಾಕುವಿನ ಹಿಡಿ ಸಡಿಲವಾಗಿದ್ದರೆ, ತಾಣ ಮುಚ್ಚಿದ್ದರೆ, ನನ್ನ ಮನಸ್ಸೇ ಬದಲಾಗಿದ್ದರೆ, ಹಳೆಯದನ್ನು ಅಳಿಸದೆ ಕೆಳಗೆ ತಾರೀಖು ಹಾಕಿ ಸೇರಿಸುತ್ತೇನೆ. ಆ ನಗಿಸುವ ಪುಸ್ತಕದ ನಾಲ್ಕು ಸಾಲೂ ಇನ್ನೂ ಅಲ್ಲೇ ಇವೆ. 'ಎಲ್ಲರೂ ಓದಲೇಬೇಕು' ಅನ್ನುವುದರ ಮೇಲೆ ಒಂದು ಗೆರೆ ಎಳೆದಿದ್ದೇನೆ, ಕೆಳಗೆ ಐದನೆಯ ಸಾಲಿದೆ: 'ನಡುವೆ ಆಸ್ಪತ್ರೆಯಲ್ಲಿ ಒಂದು ಸಾವು ಬರುತ್ತದೆ. ಮನೆಯಲ್ಲಿ ಯಾರಾದರೂ ಹುಷಾರಿಲ್ಲದೆ ಮಲಗಿದ್ದರೆ ಈಗ ಬೇಡ, ಆಮೇಲೆ ಓದಿ.'